ದೊಡ್ಡಸ್ವಾಮಿಯವರಿಗೆ ಯಾರಿದ್ದರು?

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದ ಮೇಲೆ ಒಡೆಯರಿಗೆ ಏನು ಬಂತು, ಕಂಪನಿಗೆ ಎಷ್ಟು ದಕ್ಕಿತು, ನಿಜಾಮನ ಪಾಲಿಗೆ ಯಾವ ಸೀಮೆ ಹೋಯಿತು ಎಂಬುದನ್ನು ಶಾಲೆಯ ಪುಸ್ತಕವೇ ಹೇಳುತ್ತದೆ. ಅದು ಹೇಳದ ಸಂಗತಿಯೊಂದಿದೆ. ಕೋಟೆ ಬೀಳುವುದಕ್ಕೆ ಹದಿನೈದು ವರ್ಷ ಮೊದಲು, 1784ರಲ್ಲಿ, ಕರಾವಳಿಯ ಕ್ರೈಸ್ತರನ್ನು ಟಿಪ್ಪುವಿನ ಆಜ್ಞೆಯಂತೆ ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತರಲಾಗಿತ್ತು. ಮಂಗಳೂರಿನ ಯುದ್ಧದಲ್ಲಿ ಅವರು ಆಂಗ್ಲರಿಗೆ ಒಳಗಿಂದೊಳಗೆ ನೆರವಾದರೆಂಬ ಸಂಶಯ ಅವನದು. ಬಂದವರು ಎಷ್ಟು ಜನ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಮೂವತ್ತು ಸಾವಿರ ಎನ್ನುವವರಿದ್ದಾರೆ, ಅರವತ್ತು ಸಾವಿರ ಎನ್ನುವವರೂ ಇದ್ದಾರೆ. ದಾರಿಯಲ್ಲಿ ಸತ್ತವರು, ಸೆರೆಯಲ್ಲಿ ಸತ್ತವರು, ಸುನ್ನತಿಯಾಗಿ ಸೈನ್ಯ ಸೇರಿದವರು ಎಲ್ಲ ಸೇರಿ ಆ ಸಮುದಾಯ ಚೆಲ್ಲಾಪಿಲ್ಲಿಯಾಗಿತ್ತು. ಕೋಟೆ ಬಿದ್ದ ಮೇಲೆ ಬದುಕುಳಿದವರಲ್ಲಿ ಹೆಚ್ಚಿನವರು ಕರಾವಳಿಗೆ ಹಿಂತಿರುಗಿದರು. ಉಳಿದವರನ್ನೂ ಮೊದಲಿನಿಂದ ಮೈಸೂರು ಸೀಮೆಯಲ್ಲೇ ಇದ್ದ ಕ್ರೈಸ್ತರನ್ನೂ ಒಂದುಗೂಡಿಸುವ ಕೆಲಸಕ್ಕೆ, ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಶಿಫಾರಸಿನ ಮೇಲೆ ಬಂದವರು ಫ್ರಾನ್ಸಿನ ಗುರು ಜ್ಯಾಂ ಆಂತ್ವಾನ್ ದುಬೋಯಿ. ಗಂಜಾಂನಲ್ಲಿ ಇಂದಿಗೂ ಅವರ ಹೆಸರಿನ ಚರ್ಚ್ ಇದೆ. ಹಿಂದೂಗಳ ಆಚಾರ ವಿಚಾರಗಳ ಮೇಲೆ ಅವರು ಬರೆದ ಪುಸ್ತಕ ಜಗತ್ತಿಗೆಲ್ಲ ಗೊತ್ತು. ಅದರ ಹಸ್ತಪ್ರತಿಯನ್ನು ಕಂಪನಿ ಸರ್ಕಾರ 2,000 ವರಾಹ ಕೊಟ್ಟು ಕೊಂಡಿತು. (ಅದರಲ್ಲಿ ಬಹುಪಾಲು ಅವರಿಗಿಂತ ಹಿಂದಿನ ಜೆಸ್ವಿತ್ ಪಾದ್ರಿ ಕೂರ್ದು ಬರೆದಿಟ್ಟದ್ದೆಂದು ಆಮೇಲಿನ ಸಂಶೋಧನೆ ತೋರಿಸಿತು, ಅದು ಬೇರೆ ಕಥೆ.) ಆದರೆ ಮುರಿದ ಸಭೆಯೊಂದನ್ನು ಕೈಗೆತ್ತಿಕೊಂಡ ಪಾಲಕರಾಗಿ ದುಬೋಯಿ ಏನಾದರು ಎಂದು ಕೇಳಿದವರು ಕಡಿಮೆ.

ಆ ಪ್ರಶ್ನೆಯನ್ನು ಈಗ ಕೇಳಲು ಕಾರಣವಿದೆ. ಮಂಡ್ಯ ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಅವರ ಸಭೆಗಳೆಲ್ಲ ಚಿಕ್ಕವು, ದೂರ ದೂರದವು. ಚಿಕ್ಕ ಸಭೆಯಲ್ಲಿ ಜಗಳ ಹತ್ತಿದರೆ ಅದಕ್ಕೆ ಪಕ್ಕದ ಕೋಣೆ ಎಂಬುದಿಲ್ಲ. ಗುರುಮನೆಯಿಂದ ನೇರವಾಗಿ ಊರಿನ ಬಾಯಿಗೆ. ಆಗ ಸಾಮಾನ್ಯವಾಗಿ ನಡೆಯುವುದು ಎರಡೇ. ಒಂದೋ ಫಾದರನ್ನು ವರ್ಗ ಮಾಡುತ್ತಾರೆ, ಇಲ್ಲವೇ ಸಭೆ ಎರಡಾಗುತ್ತದೆ. ಈ ಎರಡನ್ನೂ ನಾವು ಪರಿಹಾರವೆಂದು ಕರೆಯುತ್ತ ಬಂದಿದ್ದೇವೆ. ನನ್ನ ವಾದ ಬೇರೆ. ಪಾಲಕನ ಸಂಕಟ, ಸಭೆಯ ಸಂಕಟ ಎಂದು ಎರಡು ಕಾಯಿಲೆಗಳಿಲ್ಲ, ಇರುವುದು ಒಂದೇ. ಜಗಳ ಶುರುವಾಗುವ ಮೊದಲೇ ಇಬ್ಬರ ಜೊತೆಗೂ ನಿಂತಿರುವ, ವರ್ಗ ಮಾಡುವ ಅಧಿಕಾರವಿಲ್ಲದ, ಯಾರ ಪಕ್ಷಕ್ಕೂ ಸೇರದ ಒಬ್ಬರು ಇದ್ದಾರೋ ಇಲ್ಲವೋ ಎಂಬುದರ ಮೇಲೆ ಅದರ ಗತಿ ನಿಂತಿದೆ. ದುಬೋಯಿಗೆ ಅಂಥವರು ಇರಲಿಲ್ಲ. ಅವರ ಕಥೆ ನಮಗೆ ಬೇಕಾದ ಸಾಕ್ಷ್ಯ.

ಅವರು ಬಂದಾಗ ಮೈಸೂರಿನ ಮಿಷನ್ನಿನ ಹಿಂದೆ ನಿಂತಿದ್ದ ಆಧಾರಗಳೆಲ್ಲ ಒಂದೊಂದಾಗಿ ಕಳಚಿಹೋಗಿದ್ದವು. 1640ರ ದಶಕದ ಕೊನೆಗೆ ಇಟಲಿಯ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಶುರುಮಾಡಿದ ಈ ಮಿಷನ್ ಒಂದು ಶತಮಾನಕ್ಕೂ ಮೀರಿ ಜೆಸ್ವಿತರ ಕೈಯಲ್ಲಿತ್ತು. 1773ರಲ್ಲಿ ಪೋಪರೇ ಜೆಸ್ವಿತ್ ಸಂಘವನ್ನು ವಿಸರ್ಜಿಸಿದರು. ಅವರ ಜಾಗಕ್ಕೆ ಬಂದ ಪ್ಯಾರಿಸಿನ ವಿದೇಶೀ ಮಿಷನ್ ಸಂಘಕ್ಕೆ ಫ್ರಾನ್ಸಿನ ಕ್ರಾಂತಿ ಬೀಗ ಹಾಕಿಸಿತು. ಹೊಸ ಗುರುಗಳು ಬರುವುದು ಬಹುಮಟ್ಟಿಗೆ ನಿಂತಿತು. ದುಬೋಯಿ ಸ್ವತಃ 1792ರಲ್ಲಿ ಗುರುದೀಕ್ಷೆಯಾದ ವರ್ಷವೇ ಆ ಕೋಲಾಹಲದಿಂದ ತಪ್ಪಿಸಿಕೊಂಡು ಹಡಗು ಹತ್ತಿದವರು. ಮೇಲಧಿಕಾರಿ ಇದ್ದದ್ದು ಪುದುಚೇರಿಯಲ್ಲಿ. ರೋಮಿಗೆ ಬರೆಯೋಣವೆಂದರೆ 1799ರಲ್ಲಿ ಪೋಪ್ ಆರನೆಯ ಪಿಯುಸ್ ಫ್ರೆಂಚರ ಸೆರೆಯಲ್ಲೇ ಸತ್ತರು, ಅವರ ನಂತರದವರು 1809ರಿಂದ 1814ರವರೆಗೆ ನೆಪೋಲಿಯನ್ನನ ಸೆರೆಯಲ್ಲಿದ್ದರು. ಹೀಗೆ, ಮೂವತ್ತಮೂರರ ಗುರುವೊಬ್ಬ, ಹದಿನೈದು ವರ್ಷ ಸೆರೆಯಲ್ಲಿದ್ದು ಬಂದ ಜನ, ಮೇಲೆ ಕೇಳುವವರಿಲ್ಲ, ಪಕ್ಕದಲ್ಲಿ ಮಾತಾಡಲು ಒಬ್ಬ ದೇಶೀಯ ಗುರುವಿನ ಹೊರತು ಇನ್ನೊಬ್ಬರಿಲ್ಲ. ಅವರು ಕೆಲಸಗಳ್ಳರಂತೂ ಅಲ್ಲ. ಇಲ್ಲಿನ ಉಡುಪು ತೊಟ್ಟರು, ಮಾಂಸ ಬಿಟ್ಟರು. ಸಿಡುಬಿಗೆ ದಾಕು ಹಾಕಿಸಲು ಊರೂರು ತಿರುಗಿದರು. 1803–04ರಲ್ಲಿ ಅವರ ಪ್ರಯತ್ನದಿಂದ 25,432 ಮಂದಿಗೆ ದಾಕು ಹಾಕಿದ ದಾಖಲೆಯಿದೆ. ನೆಲೆ ತಪ್ಪಿದವರಿಗೆ ಬೇಸಾಯದ ಒಕ್ಕಲುಗಳನ್ನು ಕಟ್ಟಿಕೊಟ್ಟರು. ಹಾಸನದ ಕಡೆಯ ಕ್ರೈಸ್ತರ ಬಾಯಲ್ಲಿ ಅವರು ದೊಡ್ಡಸ್ವಾಮಿಯವರಾಗಿ ಉಳಿದರು.

ಆ ದೊಡ್ಡಸ್ವಾಮಿಯವರು ಒಳಗೆ ಏನಾಗಿದ್ದರು ಎಂಬುದು 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಭಾರತದ ಕ್ರೈಸ್ತಧರ್ಮದ ಸ್ಥಿತಿಗತಿಯ ಮೇಲಿನ ಅವರ ಪತ್ರಗಳಲ್ಲಿದೆ. ಇಷ್ಟು ವರ್ಷದ ದುಡಿಮೆಯಲ್ಲಿ, ದೇಶೀಯ ಗುರುವೊಬ್ಬರ ನೆರವಿದ್ದೂ, ತಾನು ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರು ಮುನ್ನೂರು ಜನರನ್ನು ಮಾತ್ರ. ಅವರಲ್ಲೂ ಮೂರರಲ್ಲಿ ಎರಡು ಪಾಲು ಹೊಲೆಯರು, ಭಿಕ್ಷುಕರು ಎಂದು ಅವರು ಕೈಚೆಲ್ಲಿ ಬರೆಯುತ್ತಾರೆ. ಆ ಲೆಕ್ಕದ ಹಿಂದಿರುವ ಜಾತಿಯ ತಿರಸ್ಕಾರ ಇಂದು ಓದಿದರೆ ಮುಖ ಕಿವುಚುವಂತಿದೆ. ಶ್ರೀರಂಗಪಟ್ಟಣದ ಸೆರೆಯಾಳುಗಳ ಮೇಲಂತೂ ಅವರ ತೀರ್ಪು ಇನ್ನೂ ಕಟು. ಅಷ್ಟು ಸಾವಿರ ಜನರಲ್ಲಿ ನಂಬಿಕೆಗಾಗಿ ಎದ್ದು ನಿಲ್ಲುವ ಧೈರ್ಯ ಒಬ್ಬನಿಗೂ ಬರಲಿಲ್ಲ, ಇಂಥ ಹೇಡಿತನ ಕ್ರೈಸ್ತ ಚರಿತ್ರೆಯಲ್ಲೇ ಇಲ್ಲ ಎಂಬ ಧಾಟಿ. ಅಲ್ಲೇ ಮುಂದಿನ ಸಾಲುಗಳಲ್ಲಿ ಅವರೇ ಕೊಡುವ ಮಾಹಿತಿ ಮಾತ್ರ ಬೇರೆಯದನ್ನು ಹೇಳುತ್ತದೆ. ಟಿಪ್ಪು ಸತ್ತ ಮೇಲೆ ಇವರಲ್ಲಿ ಸುಮಾರು 2,000 ಜನ ತಾವಾಗಿಯೇ ಅವರ ಬಳಿಗೆ ಬಂದರು. ನಾವು ಬಿಟ್ಟದ್ದು ಹೊರಗಿನ ವೇಷದಲ್ಲಿ ಮಾತ್ರ, ಮನಸ್ಸಿನಲ್ಲಿ ಬಿಟ್ಟಿರಲಿಲ್ಲ ಎಂದರು. ತಿರುಗಿ ಸೇರಿಸಿಕೊಳ್ಳಿ ಎಂದು ಕೇಳಿದರು. ಇನ್ನು ಸುಮಾರು 20,000 ಜನ ಕರಾವಳಿಗೆ ಹೋಗಿ ಕೆಡವಿದ್ದ ಗುಡಿಗಳನ್ನು ಮತ್ತೆ ಕಟ್ಟಿದರು. ಗುರುವಿಲ್ಲದೆ, ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ ಹದಿನೈದು ವರ್ಷ ತಮ್ಮೊಳಗೆ ಏನನ್ನೋ ಕಾದಿಟ್ಟುಕೊಂಡ ಜನ ಇವರು. ಅಂಥ ಸಭೆಯನ್ನು ಕಂಡು ಪಾಲಕನೊಬ್ಬ ಬೆರಗಾಗಬೇಕಿತ್ತು. ದುಬೋಯಿಗೆ ಕಂಡದ್ದು ಹೇಡಿತನ.

ಯಾಕೆ ಹಾಗಾಯಿತು? ಅವರು ತಮ್ಮ ಕಾಲದ ಯೂರೋಪಿಯನ್, ಪೂರ್ವಗ್ರಹ ರಕ್ತದಲ್ಲೇ ಇತ್ತು, ಒಂಟಿತನಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಇದು ತಳ್ಳಿಹಾಕುವ ಮಾತಲ್ಲ. ಕಂಪನಿ ಸರ್ಕಾರದ ಕೃಪೆ, ಕೊನೆಗೆ ಅದರಿಂದಲೇ ಪಿಂಚಣಿ, ಇವೆಲ್ಲ ಅವರ ದೃಷ್ಟಿಯನ್ನು ತಿದ್ದಿದ್ದು ನಿಜ. ಆದರೆ ಪೂರ್ವಗ್ರಹ ಬರುವಾಗಲೂ ಇತ್ತು, ಹೋಗುವಾಗಲೂ ಇತ್ತು. ನಡುವೆ ಬದಲಾದದ್ದು ಉತ್ಸಾಹ. ಬೇಸಾಯದ ಒಕ್ಕಲು ಕಟ್ಟಿಕೊಟ್ಟ, ದಾಕುವಿಗಾಗಿ ಹಳ್ಳಿ ಸುತ್ತಿದ ಮನುಷ್ಯ ಎರಡು ದಶಕದ ನಂತರ ಇಲ್ಲಿ ಏನೂ ಆಗದು ಎಂದು ಬರೆಯುತ್ತಾನೆ. ಒಬ್ಬನ ಲೆಕ್ಕವನ್ನು ಕೂಡಿಸಿ ಕಳೆದು ನೋಡಿ, ಸ್ವಾಮಿ, ನೀವು ಇಲ್ಲಿ ತಪ್ಪಿದ್ದೀರಿ, ಆ 2,000 ಜನರನ್ನು ಮರೆತಿದ್ದೀರಿ ಎನ್ನುವ ಸಮಾನ ಸ್ಥಾನದ ಜೊತೆಗಾರ ಇಲ್ಲದಿದ್ದಾಗ ದಣಿವೇ ತೀರ್ಪಾಗಿಬಿಡುತ್ತದೆ. ಪುಸ್ತಕ ಹೊರಬಂದಾಗಲೂ ಯಾರೂ ಅದನ್ನು ದಣಿದ ಪಾಲಕನ ಪತ್ರವೆಂದು ಓದಲಿಲ್ಲ. 1824ರಲ್ಲಿ ಜೇಮ್ಸ್ ಹಫ್ ಒಂದು ಉತ್ತರ ಬರೆದರು, ಹೆನ್ರಿ ಟೌನ್ಲಿ ಇನ್ನೊಂದು ಬರೆದರು. ಪ್ರೊಟೆಸ್ಟಂಟರಿಗೆ ಅದು ಮಿಷನ್ನುಗಳ ಮೇಲಿನ ದಾಳಿ, ವಾದಕ್ಕೆ ವಾದ ಹೂಡಿದರು. ದುಬೋಯಿ 1823ರ ಜನವರಿಯಲ್ಲಿ ಭಾರತ ಬಿಟ್ಟವರು ಮತ್ತೆ ಬರಲಿಲ್ಲ. ಪ್ಯಾರಿಸಿನ ಗುರುಮಠದಲ್ಲಿ ಹೊಸಬರನ್ನು ತಯಾರು ಮಾಡುವ ಕೆಲಸದಲ್ಲಿ, ಸ್ವಲ್ಪ ಕಾಲ ಅದರ ಮುಖ್ಯಸ್ಥರಾಗಿ, 1848ರವರೆಗೆ ಬದುಕಿದರು.

ಇನ್ನೂರು ವರ್ಷ ದಾಟಿ ಈಚೆಗೆ ಬಂದರೆ, ಇಂದಿನ ಗುರುವಿಗೆ ಬಿಷಪ್ ಇದ್ದಾರೆ, ಫೋನ್ ಇದೆ, ಮೈಸೂರಿಗೆ ಬಸ್ಸಿದೆ. ಆದರೂ ಒಂಟಿತನ ಹೋಗಿಲ್ಲ, ಯಾಕೆಂದರೆ ಅವನು ಮಾತಾಡಬಹುದಾದ ಪ್ರತಿಯೊಬ್ಬರೂ ಒಂದಲ್ಲ ಒಂದು ರೀತಿಯಲ್ಲಿ ವ್ಯಾಜ್ಯದ ಕಕ್ಷಿದಾರರೇ. ಬಿಷಪರಿಗೆ ಹೇಳಿಕೊಂಡರೆ ಅವರೇ ನಾಳೆ ವರ್ಗಾವಣೆಯ ಕಾಗದಕ್ಕೆ ಸಹಿ ಹಾಕುವವರು. ಪಾಲನಾ ಸಮಿತಿಯವರಿಗೆ ಹೇಳಿಕೊಂಡರೆ ಅವರಲ್ಲೇ ಎರಡು ಗುಂಪು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು 1,700ಕ್ಕೂ ಹೆಚ್ಚು ಮೆಥೊಡಿಸ್ಟ್ ಪಾಲಕರನ್ನು ಸಮೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆಯ ಪ್ರಮಾಣ ದೇಶದ ಸರಾಸರಿ ನೂರಕ್ಕೆ 5.5 ಇದ್ದರೆ ಪಾಲಕರಲ್ಲಿ 8.7 ಇತ್ತು. ಅಲ್ಲಿನ ಅಂಕಿ ಇಲ್ಲಿಗೆ ಹಾಗೆಯೇ ಹೊಂದುತ್ತದೆ ಎನ್ನಲಾಗದು. ಆದರೆ ಎಲ್ಲರ ಕಷ್ಟ ಕೇಳುವುದೇ ವೃತ್ತಿಯಾದವರು ಮನಸ್ಸಿನ ಕಾಯಿಲೆಯಿಂದ ಪಾರು ಎಂಬ ನಮ್ಮ ಊಹೆ ಎಲ್ಲೂ ನಿಲ್ಲದು.

ಜಗಳಗಳನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡಲು ಕಲಿಸಿದವರು ಅಮೆರಿಕದ ಸ್ಪೀಡ್ ಲೀಸ್. 1970ರ ದಶಕದಲ್ಲಿ ಹುಟ್ಟಿದ ಆಲ್ಬನ್ ಇನ್‌ಸ್ಟಿಟ್ಯೂಟ್ ಪರವಾಗಿ ನೂರಾರು ಸಭೆಗಳ ವ್ಯಾಜ್ಯ ಬಿಡಿಸಿದ ಅನುಭವದಿಂದ ಅವರು ಐದು ಹಂತ ಗುರುತಿಸಿದರು. ಮೊದಲ ಹಂತದಲ್ಲಿ ಚರ್ಚೆ ಸಮಸ್ಯೆಯ ಮೇಲೆ: ಹಬ್ಬದ ತೇರು ಯಾವ ಬೀದಿಯಿಂದ ಹೊರಡಬೇಕು, ಸ್ಮಶಾನದ ಕಾಂಪೌಂಡಿಗೆ ದುಡ್ಡು ಎಲ್ಲಿಂದ. ಎರಡನೆಯದರಲ್ಲಿ ಜನ ಮಾತನ್ನು ಅಳೆದು ಆಡತೊಡಗುತ್ತಾರೆ, ಹಿಂದೆ ಪಿಸುಮಾತು. ಮೂರನೆಯದರಲ್ಲಿ ಗೆಲ್ಲುವುದೇ ಗುರಿ, ತೇರಿನ ಬೀದಿ ಮರೆತೇಹೋಗಿರುತ್ತದೆ. ನಾಲ್ಕನೆಯದರಲ್ಲಿ ಎದುರಾಳಿಯನ್ನು ಹೊರಹಾಕಬೇಕು ಇಲ್ಲವೇ ತಾವು ಹೊರಡಬೇಕು. ಐದನೆಯದರಲ್ಲಿ ಹೊರಹಾಕಿದರೂ ಸಾಲದು, ಹೋದಲ್ಲಿಗೂ ಬೆನ್ನಟ್ಟಿ ಹಾಳುಮಾಡಬೇಕು. ಮೊದಲೆರಡು ಹಂತದಲ್ಲಿ ಒಳಗಿನವರೇ ಸರಿಪಡಿಸಿಕೊಳ್ಳಬಹುದು, ಮೂರನೆಯದರಿಂದ ಮುಂದೆ ಹೊರಗಿನವರು ಬೇಕೇಬೇಕು ಎನ್ನುವುದು ಲೀಸರ ತಿಳಿವಳಿಕೆ. ನಮ್ಮಲ್ಲಿ ಆಗುವುದು ತಿರುವುಮುರುವು. ಮೊದಲ ಮೂರು ಹಂತ ಯಾರ ಕಣ್ಣಿಗೂ ಬೀಳುವುದಿಲ್ಲ. ನಾಲ್ಕನೆಯದಕ್ಕೆ ಬಂದಾಗ ಎಲ್ಲರೂ ಒಟ್ಟಿಗೆ ಓಡಿಬರುತ್ತಾರೆ, ಪತ್ರಕರ್ತರೂ ಸೇರಿ.

ಮೈಸೂರು ಧರ್ಮಕ್ಷೇತ್ರದಲ್ಲಿ ಆದದ್ದು ಇದೇ. ಮಂಡ್ಯ ಜಿಲ್ಲೆಯ ಕಥೋಲಿಕ ಸಭೆಗಳು ಸೇರುವುದು ಆ ಧರ್ಮಕ್ಷೇತ್ರಕ್ಕೇ. 2019ರಲ್ಲಿ ಅಲ್ಲಿನ 37 ಗುರುಗಳು ತಮ್ಮ ಬಿಷಪರನ್ನು ತೆಗೆಯಿರಿ ಎಂದು ಪೋಪರಿಗೆ ಬರೆದರು. ಬಿಷಪ್ ಆರೋಪಗಳನ್ನು ಅಲ್ಲಗಳೆದರು. ರೋಮ್ ಅವರಿಗೆ ರಜೆ ಕೊಟ್ಟು, ಬೆಂಗಳೂರಿನ ನಿವೃತ್ತ ಆರ್ಚ್‌ಬಿಷಪರಿಗೆ ಆಡಳಿತ ಒಪ್ಪಿಸಿದ್ದು 2023ರ ಜನವರಿಯಲ್ಲಿ. ಯಾರು ಸರಿ ಎಂಬುದು ಇಲ್ಲಿ ನನ್ನ ವಿಷಯವಲ್ಲ. ಆ ಮೂರು ವರ್ಷಕ್ಕೂ ಮೀರಿದ ಅವಧಿಯಲ್ಲಿ ಸಹಿ ಹಾಕಿದವರು, ಹಾಕದವರು ಎಂದು ಗುರುಗಳೇ ಎರಡಾಗಿ ನಿಂತರೆ, ಹಳ್ಳಿಯ ಸಭೆಯ ಸಣ್ಣ ತಂಟೆಯೊಂದನ್ನು ಯಾರ ಮುಂದೆ ಇಡುವುದು? ಬೆಂಗಳೂರಿನ ಉದಾಹರಣೆ ಇನ್ನೂ ಘೋರ. ಚರ್ಚುಗಳಲ್ಲಿ ಕನ್ನಡ ಯಾವಾಗ, ತಮಿಳು ಯಾವಾಗ, ಗುರುವಿದ್ಯಾಲಯಕ್ಕೆ ಯಾರು ಮುಖ್ಯಸ್ಥರು ಎಂಬ ಹಗ್ಗಜಗ್ಗಾಟ ದಶಕಗಳಿಂದ ನಡೆದಿತ್ತು. 2013ರ ಈಸ್ಟರ್ ರಾತ್ರಿ ಮಲ್ಲೇಶ್ವರದ ಸಂತ ಪೀಟರರ ಗುರುವಿದ್ಯಾಲಯದ ರೆಕ್ಟರ್ ಕೊಲೆಯಾದರು. ಮರುವರ್ಷ ಪೊಲೀಸರು ಬಂಧಿಸಿದವರಲ್ಲಿ ಗುರುಗಳೂ ಇದ್ದರು. ಕನ್ನಡಿಗ ಕ್ರೈಸ್ತರ ಭಾಷೆಯ ಅಳಲು ನ್ಯಾಯವಾದದ್ದೇ, ಅದಕ್ಕಾಗಿ ದುಡಿದವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನ ಸಭ್ಯರೇ. ಆದರೆ ನ್ಯಾಯವಾದ ಅಳಲಿಗೂ ಕಿವಿಗೊಡುವ ವ್ಯವಸ್ಥೆ ಬೇಕು. ಪೊಲೀಸರ ಆರೋಪ ನಿಜವಾದರೆ, ಅದಿಲ್ಲದ ಕಡೆ ಅಂಚಿನಲ್ಲಿರುವ ನಾಲ್ವರು ಎಲ್ಲಿಯವರೆಗೆ ಹೋಗಬಲ್ಲರು ಎಂಬುದು ಆ ರಾತ್ರಿ ಕಂಡಿತು.

ಇಷ್ಟೆಲ್ಲ ಯಾಕೆ, ಫಾದರನ್ನು ವರ್ಗ ಮಾಡಿದರೆ ಮುಗಿಯಿತಲ್ಲ ಎನ್ನುವವರಿಗೆ ಒಂದು ಮಾತು. ವರ್ಗಾವಣೆ ಜಗಳದ ಅರ್ಧ ಭಾಗವನ್ನಷ್ಟೇ ಎತ್ತಿಕೊಂಡು ಹೋಗುತ್ತದೆ. ಗುಂಪುಗಳು, ಲೆಕ್ಕದ ಪುಸ್ತಕ, ಸ್ಮಶಾನದ ಜಾಗ, ಮನಸ್ಸಿನ ಕಹಿ ಎಲ್ಲ ಅಲ್ಲೇ ಉಳಿಯುತ್ತವೆ. ಹೊಸ ಗುರು ಬಸ್ಸಿಳಿದ ದಿನವೇ ಅವರಿಗೆ ಮೊದಲು ಕೈಮುಗಿದವರು ಯಾರು, ಯಾರ ಮನೆಯಿಂದ ಊಟ ಹೋಯಿತು ಎಂಬುದು ಎದುರು ಗುಂಪಿನ ಲೆಕ್ಕಕ್ಕೆ ಸೇರುತ್ತದೆ. ಸಭೆಯೂ ಒಂದು ಪಾಠ ಕಲಿಯುತ್ತದೆ: ಅರ್ಜಿ ಬರೆದರೆ ಫಾದರ್ ಹೋಗುತ್ತಾರೆ. ಹೋದ ಗುರು ಕಲಿಯುವುದು ಇನ್ನೊಂದು: ಮುಂದಿನ ಊರಿನಲ್ಲಿ ಯಾರ ತಂಟೆಗೂ ಹೋಗದೆ ಪೂಜೆ ಮುಗಿಸಿ ಬಾಗಿಲು ಹಾಕಿಕೊಳ್ಳಬೇಕು. ಕಥೋಲಿಕರ 1983ರ ಕ್ಯಾನನ್ ಸಂಹಿತೆ ಇದನ್ನು ಬಲ್ಲದು. ಜನರ ವಿರೋಧ ಸದ್ಯಕ್ಕೆ ನಿಲ್ಲುವಂತಿಲ್ಲ ಎಂದು ಕಂಡರೆ ಗುರುವನ್ನು ಬಿಡುಗಡೆ ಮಾಡಬಹುದು ಎಂದು 1741ನೆಯ ನಿಯಮ ಹೇಳುತ್ತದೆ, ನಿಜ. ಆದರೆ ಅದಕ್ಕೆ ತುಸು ಮೊದಲು, 1733ರಲ್ಲಿ, ಬಿಷಪರ ಆದೇಶದಿಂದ ನೊಂದವರಿಗೂ ಬಿಷಪರಿಗೂ ನಡುವೆ ವ್ಯಾಜ್ಯ ಬೆಳೆಯದಂತೆ ಪ್ರಾಜ್ಞರ ಮಧ್ಯಸ್ಥಿಕೆ ನಡೆಯಲಿ, ಅದಕ್ಕಾಗಿ ಪ್ರತಿ ಧರ್ಮಕ್ಷೇತ್ರದಲ್ಲೂ ಒಂದು ಕಚೇರಿಯನ್ನೋ ಮಂಡಳಿಯನ್ನೋ ಸ್ಥಾಪಿಸಬಹುದು ಎಂದಿದೆ. ಕಷ್ಟದಲ್ಲಿರುವ ಗುರುಗಳನ್ನು ವಿಶೇಷವಾಗಿ ನೋಡಿಕೊಳ್ಳುವುದು ವಲಯದ ಡೀನ್ ಆದವರ ಕರ್ತವ್ಯವೆಂದು 555ನೆಯ ನಿಯಮ ಬಿಡಿಸಿ ಹೇಳಿದೆ. ಇಷ್ಟಾಗಿಯೂ ಸುತ್ತೋಲೆ ಹಂಚುವುದು, ಹಬ್ಬಕ್ಕೆ ಬರುವುದು ಇವಷ್ಟೇ ಡೀನರ ಕೆಲಸವೆಂದು ಜನ ತಿಳಿದಿದ್ದರೆ ತಪ್ಪು ನಿಯಮದ್ದಲ್ಲ.

ಜಗಳಕ್ಕೆ ಇನ್ನೊಂದು ಮೂಲ ಮೇಲಿನಿಂದ ಬರುವ ಬದಲಾವಣೆ. ಪ್ರೊಟೆಸ್ಟಂಟರ ಕಡೆ ಅದರ ಪಾಠ ಹಳೆಯದು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮತ್ತು ಇತರ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಆಯಿತು. ನಮ್ಮ ಮೈಸೂರು ಸೀಮೆಯ ವೆಸ್ಲಿಯನ್ ಮೆಥೊಡಿಸ್ಟರಿಗೆ ರಾತ್ರಿ ಬೆಳಗಾಗುವಷ್ಟರಲ್ಲಿ ಬಿಷಪ್ ಎಂಬುವರು ಬಂದರು, ಅದುವರೆಗೂ ಇರದ ಹುದ್ದೆ. ಆ ಒಕ್ಕೂಟಕ್ಕೆ ಮಾತುಕತೆ ನಡೆದದ್ದು ಸುಮಾರು ಮೂರು ದಶಕ. ಅಷ್ಟು ಕಾಲ ತೆಗೆದುಕೊಂಡದ್ದರಿಂದಲೇ ಅದು ನಿಂತಿತು ಎಂಬುದು ನನ್ನ ಅಂದಾಜು. 1970ರಲ್ಲಿ ಮೈಸೂರು ಡಯಾಸಿಸ್ ಒಡೆದು ಉತ್ತರ, ದಕ್ಷಿಣ, ಮಧ್ಯ ಎಂದು ಮೂರು ಕಡೆ ಹಂಚಿಹೋಯಿತು. ಈಚಿನ ವರ್ಷಗಳಲ್ಲಿ ಸಿಎಸ್‌ಐ ಚುನಾವಣೆಗಳು ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಓಡಾಡಿವೆ. ಕಥೋಲಿಕರಲ್ಲೂ ಬದಲಾವಣೆ ಕಡಿಮೆಯೇನಲ್ಲ: ಎರಡನೆಯ ವ್ಯಾಟಿಕನ್ ಸಭೆಯ ನಂತರ ಲ್ಯಾಟಿನ್ ಹೋಗಿ ಕನ್ನಡ ಬಂತು, ಪೀಠಕ್ಕೆ ಮುಖಮಾಡಿ ನಿಲ್ಲುತ್ತಿದ್ದ ಗುರು ಜನರ ಕಡೆ ತಿರುಗಿದರು, 2010ರಲ್ಲಿ ಮಂಡ್ಯ ಹೆಸರಿನ ಸಿರೋ ಮಲಬಾರ್ ಧರ್ಮಕ್ಷೇತ್ರವೊಂದು ಹುಟ್ಟಿ, ಒಂದೇ ಸೀಮೆಯಲ್ಲಿ ಎರಡು ಪೂಜಾಪದ್ಧತಿಯ ಇಬ್ಬರು ಬಿಷಪರಾದರು. ಇಂಥ ಪ್ರತಿಯೊಂದು ಬದಲಾವಣೆಯನ್ನೂ ಮೇಲಿನವರು ತೀರ್ಮಾನಿಸುತ್ತಾರೆ. ಭಾನುವಾರ ಬೆಳಿಗ್ಗೆ ಜನರ ಮುಂದೆ ನಿಂತು ವಿವರಿಸುವ ಪಾಡು ಮಾತ್ರ ಗುರುವಿನದು, ಬೈಸಿಕೊಳ್ಳುವವರೂ ಅವರೇ.

ಅತಿ ಗಟ್ಟಿಯಾದ ಆಕ್ಷೇಪಣೆ ಇನ್ನೂ ಇದೆ. ಹೊರಗಿನಿಂದ ಏಟು ಬೀಳುತ್ತಿರುವಾಗ ಒಳಜಗಳವನ್ನು ಹೊರಗಿನವರ ಮುಂದೆ ಬಿಚ್ಚುವುದೇ? ಈ ಭಯ ಬರಿಯ ನೆಪವಲ್ಲ. 2008ರಲ್ಲಿ ಕರಾವಳಿಯ ಚರ್ಚುಗಳ ಮೇಲೆ ದಾಳಿಗಳಾದವು. 2021ರ ಡಿಸೆಂಬರ್‌ನಲ್ಲಿ ಪಾಂಡವಪುರದ ನಿರ್ಮಲಾ ಶಾಲೆಯಲ್ಲಿ ಮಕ್ಕಳ ಕ್ರಿಸ್‌ಮಸ್ ಆಚರಣೆಯ ಮಧ್ಯೆ ಕೆಲವರು ನುಗ್ಗಿ ಶಿಕ್ಷಕರನ್ನು ಪ್ರಶ್ನಿಸಿದರು. ಅದೇ ತಿಂಗಳು ವಿಧಾನಸಭೆ ಮತಾಂತರ ನಿಷೇಧದ ಮಸೂದೆಯನ್ನು ಅಂಗೀಕರಿಸಿತು, 2022ರಲ್ಲಿ ಅದು ಕಾನೂನಾಯಿತು. ರದ್ದು ಮಾಡುವ ತೀರ್ಮಾನವನ್ನು ಸಚಿವ ಸಂಪುಟ 2023ರ ಜೂನ್‌ನಲ್ಲಿ ಕೈಗೊಂಡಿತು. ಇಂಥ ವೇಳೆಯಲ್ಲಿ ಮನೆಯ ಮಾತು ಬೀದಿಗೆ ಬೇಡ ಎನ್ನುವುದು ಸಹಜ. ಆದರೆ ಅಂಥ ವೇಳೆಯಲ್ಲೇ ಪಾಲಕನ ಬೆನ್ನಿಗೆ ಸಭೆ ಬೇಕಾಗುವುದು. ಒಬ್ಬ ಪಾಸ್ಟರನ್ನು ಪೊಲೀಸ್ ಠಾಣೆಗೆ ಕರೆದರೆ ಜೊತೆಗೆ ಹೋಗಿ ಬೆಂಚಿನ ಮೇಲೆ ಕೂರುವವರು ನಾಲ್ಕು ಜನ ಬೇಕು. ಕಾಣಿಕೆಯ ಲೆಕ್ಕಕ್ಕಾಗಿ ಹಿಂದಿನ ವಾರ ಕಿತ್ತಾಡಿದ ಸಭೆ ಆ ನಾಲ್ಕು ಜನರನ್ನು ಕಳಿಸುವುದಿಲ್ಲ. ಮುಚ್ಚಿಟ್ಟ ಜಗಳ ಹೊರಗಿನ ಏಟನ್ನು ತಡೆಯುವುದಿಲ್ಲ, ತಡೆಯುವ ಕೈಗಳನ್ನು ಕಡಿಮೆ ಮಾಡುತ್ತದೆ. ಜೊತೆಗೆ, ನಾನು ಹೇಳುತ್ತಿರುವ ಹೊರಗಿನವರು ಪತ್ರಿಕೆಯವರೂ ಅಲ್ಲ, ರಾಜಕಾರಣಿಗಳೂ ಅಲ್ಲ. ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳಬಲ್ಲ, ಎರಡೂ ಕಡೆಯವರು ಒಪ್ಪಿದ ವ್ಯಕ್ತಿ ಅಷ್ಟೇ.

ಪ್ರಾರ್ಥನೆ ಸಾಲದೇ, ಮನುಷ್ಯರ ಮಧ್ಯಸ್ಥಿಕೆ ಯಾಕೆ ಎನ್ನುವ ಭಕ್ತರಿಗೆ ಅವರದೇ ಗ್ರಂಥದಲ್ಲಿ ಉತ್ತರವಿದೆ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಜೆರೂಸಲೇಮಿನ ಮೊದಲ ಸಭೆಯಲ್ಲೇ ಜಗಳ: ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಹಂಚುವಾಗ ತಾರತಮ್ಯವಾಗುತ್ತಿದೆ ಎಂದು. ಅಪೊಸ್ತಲರು ಪ್ರಾರ್ಥಿಸಿ ಸುಮ್ಮನಾಗಲಿಲ್ಲ, ಗದರಲೂ ಇಲ್ಲ. ಎಲ್ಲರನ್ನೂ ಕೂಡಿಸಿ ಏಳು ಜನರನ್ನು ನೀವೇ ಆರಿಸಿ ಎಂದರು. ಆರಿಸಲ್ಪಟ್ಟ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಅಂದರೆ ದೂರು ಕೊಟ್ಟವರ ಕಡೆಯವರ ಕೈಗೇ ಹಂಚಿಕೆಯ ಕೆಲಸ ಬಂತು. ಇಂದಿನ ಎಷ್ಟು ಸಮಿತಿಗಳಿಗೆ ಈ ಎದೆಗಾರಿಕೆ ಇದೆ? ಲೆಕ್ಕ ಕೇಳಿದವನನ್ನೇ ಖಜಾಂಚಿ ಮಾಡುವ ಸಭೆ ಅಪರೂಪ. ಕೇಳಿದವನು ವಿಶ್ವಾಸವಿಲ್ಲದವನು ಎಂದು ಹೆಸರಿಡುವ ಸಭೆಗೆ ಬರವಿಲ್ಲ.

ಬೆಂಬಲದ ಹೆಸರಿನಲ್ಲಿ ತಪ್ಪಿತಸ್ಥರನ್ನು ಕಾಪಾಡುವ ಅಪಾಯವಿಲ್ಲವೇ ಎಂಬ ಪ್ರಶ್ನೆಗೆ ಒಂದೇ ಉತ್ತರ: ಇದೆ, ಆದ್ದರಿಂದ ಗೆರೆ ಸ್ಪಷ್ಟವಾಗಿರಬೇಕು. ಮಗುವಿನ ಮೇಲೆ ದೌರ್ಜನ್ಯವಾಗಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು ಎಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ಅಲ್ಲಿ ಪಂಚಾಯಿತಿಗೆ ಜಾಗವಿಲ್ಲ, ಬಿಷಪರ ಅಪ್ಪಣೆಯೂ ಬೇಕಿಲ್ಲ. ಹಣದ ವಂಚನೆಗೂ ಹಾಗೆಯೇ. ಮಧ್ಯಸ್ಥಿಕೆ ಭಿನ್ನಾಭಿಪ್ರಾಯಕ್ಕೆ, ಅಪರಾಧಕ್ಕಲ್ಲ.

ಇಷ್ಟು ಹೊತ್ತು ಬಿಷಪ್ ಇರುವ ಸಭೆಗಳ ಮಾತಾಯಿತು. ನಾಗಮಂಗಲ ತಾಲ್ಲೂಕಿನ ದೇವಲಾಪುರದಂಥ ಹೋಬಳಿಯಲ್ಲಿ, ಮನೆಯ ನಡುಮನೆಯಲ್ಲೋ ಬಾಡಿಗೆಯ ಶೀಟಿನ ಶೆಡ್ಡಿನಲ್ಲೋ ಭಾನುವಾರ ಸೇರುವ ನಾಲ್ಕಾರು ಕುಟುಂಬಗಳ ಸ್ವತಂತ್ರ ಸಭೆಯೊಂದನ್ನು ಊಹಿಸಿಕೊಳ್ಳಿ. ಅಲ್ಲಿನ ಪಾಸ್ಟರ್‌ಗೆ ಮೇಲೆ ಯಾರೂ ಇಲ್ಲ, ಪಿಂಚಣಿಯಿಲ್ಲ, ವರ್ಗಾವಣೆಯೂ ಇಲ್ಲ. ದಶಮಾಂಶ ಕೊಡುವವರೇ ಅವರ ಅನ್ನದಾತರು, ಆದ್ದರಿಂದ ಜಗಳವಾಡುವ ಸ್ಥಿತಿಯಲ್ಲೇ ಅವರಿಲ್ಲ. ಎರಡು ಕುಟುಂಬ ಮುನಿಸಿಕೊಂಡು ಇನ್ನೊಬ್ಬ ಪಾಸ್ಟರ್ ಹತ್ತಿರ ಹೋದರೆ ಆ ತಿಂಗಳ ಬಾಡಿಗೆ ನಿಲ್ಲುತ್ತದೆ. ದುಬೋಯಿ ಅವರ ಕಾಲದ ಒಂಟಿತನ ಇಂದು ಜೀವಂತವಾಗಿರುವುದು ಇಂಥಲ್ಲಿ. ತಾಲ್ಲೂಕು ಮಟ್ಟದಲ್ಲಿ ಪಾಸ್ಟರ್‌ಗಳು ಆಗಾಗ ಕೂಡಿ ಪ್ರಾರ್ಥಿಸುವ ಫೆಲೋಶಿಪ್‌ಗಳು ಹಲವೆಡೆ ಇವೆ; ಅವು ಹೆಚ್ಚಾಗಿ ಉಪದೇಶ, ಊಟ, ಫೋಟೊ ಇಷ್ಟಕ್ಕೆ ಮುಗಿಯುತ್ತವೆ. ಅದೇ ಕೂಟದಲ್ಲಿ ತಿಂಗಳಿಗೊಮ್ಮೆ ಇಬ್ಬಿಬ್ಬರು ಜೊತೆಯಾಗಿ, ಬಾಗಿಲು ಹಾಕಿಕೊಂಡು, ನಿನ್ನ ಸಭೆಯಲ್ಲಿ ಈಗ ಯಾರು ಯಾರ ಜೊತೆ ಮಾತಾಡುತ್ತಿಲ್ಲ ಎಂದು ಕೇಳಿಕೊಳ್ಳುವ ಪದ್ಧತಿ ಬಂದರೆ ಖರ್ಚು ಬಸ್ ಚಾರ್ಜು ಮಾತ್ರ. ಪಾಂಡವಪುರದ ಗುರುವಿಗೆ ಕೆ.ಆರ್.ಪೇಟೆಯ ಸಭಾಪಾಲಕರು, ಅವರಿಗೆ ಇವರು ಹೀಗೆ ಜೊತೆಯಾದರೆ ಇನ್ನೂ ಒಳ್ಳೆಯದು. ಬೇರೆ ಬೇರೆ ಸಭೆಯವರಾದ್ದರಿಂದ ಒಬ್ಬರ ವರ್ಗಾವಣೆ ಇನ್ನೊಬ್ಬರ ಕೈಯಲ್ಲಿರುವುದಿಲ್ಲ, ಒಬ್ಬರ ಕುಟುಂಬಗಳು ಇನ್ನೊಬ್ಬರ ಪಟ್ಟಿಗೆ ಸೇರುವ ಸಂಶಯವೂ ಅಷ್ಟಾಗಿ ಇರುವುದಿಲ್ಲ. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜು, ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜುಗಳಿಂದ ಪಾಸಾಗಿ ಬರುವ ಹೊಸಬರಿಗೆ ಮೊದಲ ಊರಿಗೆ ಹೋಗುವ ಆದೇಶದ ಜೊತೆಗೇ ಇಂಥ ಒಬ್ಬರ ಹೆಸರನ್ನೂ ಬರೆದುಕೊಡಬಹುದು. ಆದರೆ ಆ ಹೆಸರು ಬಿಷಪರದ್ದಾಗಿರಬಾರದು.